ಬ್ರೇಕ್ ನೋಡಲಾಗಿದೆ, ಸರಿ ಇದೆ

ಜನವರಿ 5, 2025, ಭಾನುವಾರ

ಹೋದ ವರ್ಷದ ಡೈರಿಯನ್ನು ತೆಗೆದು ನೋಡಿದರೆ ಮುಕ್ಕಾಲು ಪಾಲು ಕಾರಿನ ವಿಷಯವೇ ಇದೆ. ಇರಲಿ. ಇಸ್ಪೀಟಾಡುವ ಮೇಷ್ಟರುಗಳಿದ್ದಾರೆ, ಸೈಟು ವ್ಯಾಪಾರ ಮಾಡುವವರಿದ್ದಾರೆ. ನನಗೆ ಇದೊಂದು ಚಟ.

ಕಾರಿಗೆ ಹದಿನಾಲ್ಕು ತುಂಬಿತು. ಹಳೇಬೀಡಿನ ಮನೆಯಿಂದ ಮಾದಿಹಳ್ಳಿಯ ಹೈಸ್ಕೂಲಿಗೆ ದಿನಾ ಹೋಗಿ ಬರುವುದು ಇದರಲ್ಲೇ. ಇವತ್ತು ಹೊಂಗೆಮರದ ಕೆಳಗೆ ಜಾಕಿ ಹಾಕಿ ಎತ್ತಿ ನೋಡಿದೆ. ಎಡಗಡೆ ಮುಂದಿನ ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಪೈಪು ಬಿರುಕು ಬಿಟ್ಟಿದೆ. ಬಗ್ಗಿಸಿದರೆ ಒಣಗಿದ ಹುಣಸೇಹಣ್ಣಿನ ಸಿಪ್ಪೆಯ ಹಾಗೆ ಕಾಣುತ್ತದೆ. ಬದಲಾಯಿಸಲೇಬೇಕು.

ಅಕ್ಷತಾ ಬಟ್ಟೆ ಒಣಹಾಕುತ್ತಾ, "ಬ್ರೇಕ್ ವಿಷಯ ಕಣ್ರೀ, ಅರಸೀಕೆರೆಗೆ ತಗೊಂಡ್ಹೋಗಿ ಕಂಪನಿಯವರಿಗೆ ಕೊಟ್ಬಿಡಿ" ಎಂದಳು.

ಕಂಪನಿಯವರು! ಮೂರು ವರ್ಷದ ಹಿಂದೆ ಇವಳ ಉಗುರುಬಣ್ಣದಲ್ಲಿ ಏರ್ ಫಿಲ್ಟರಿಗೆ ಒಂದು ಕೆಂಪು ಬೊಟ್ಟಿಟ್ಟು ಅವರಿಗೆ ಬಿಟ್ಟಿದ್ದೆ. ಬಿಲ್ಲಿನಲ್ಲಿ ಹೊಸ ಫಿಲ್ಟರ್ ಎಂದಿತ್ತು. ಮನೆಗೆ ಬಂದು ಮುಚ್ಚಳ ತೆಗೆದರೆ ಕೆಂಪು ಬೊಟ್ಟು ನನ್ನನ್ನೇ ನೋಡುತ್ತಿತ್ತು. ಅವತ್ತಿನಿಂದ ಆಯಿಲ್, ಫಿಲ್ಟರ್, ಬ್ಯಾಟರಿ, ಬ್ರೇಕ್ ಪ್ಯಾಡ್ ಎಲ್ಲಾ ನಾನೇ. ಗಣಿತ ಹೇಳುವವನು ಒಂದು ಬೋಲ್ಟ್ ಬಿಗಿಯಲಾರೆನೆ?

ಪೈಪಿಗೆ ಆರ್ಡರ್ ಹಾಕಿದೆ.

ಜನವರಿ 12, ಭಾನುವಾರ

ಮಧ್ಯಾಹ್ನದವರೆಗೆ ಹಿಡಿಯಿತು. ಆದರೆ ಆಯಿತು.

ಪೈಪನ್ನು ಹಿಡಿದುಕೊಳ್ಳುವ ಬೋಲ್ಟಿನ ಎರಡು ಪಕ್ಕಕ್ಕೂ ತಾಮ್ರದ ವಾಷರ್ ಕೂರಬೇಕು. ಬಿಗಿದಾಗ ಅದು ಅಮುಕಿಕೊಂಡು ಸಂದು ಮುಚ್ಚುತ್ತದೆ, ಆಯಿಲ್ ಸೋರುವುದಿಲ್ಲ. ಒಮ್ಮೆ ಅಮುಕಿಕೊಂಡದ್ದು ಮತ್ತೆ ಸರಿಯಾಗಿ ಕೂರುವುದಿಲ್ಲ, ಪ್ರತಿ ಸಲ ಹೊಸದೇ ಹಾಕಬೇಕು ಎನ್ನುತ್ತಾರೆ. ಬಂದ ಪೊಟ್ಟಣದಲ್ಲಿ ವಾಷರ್ ಇರಲಿಲ್ಲ. ಬೇಲೂರಿನ ಎರಡು ಅಂಗಡಿಗೆ ಫೋನ್ ಮಾಡಿದೆ. ಒಂದಕ್ಕೆ ರಜ, ಇನ್ನೊಂದರಲ್ಲಿ ಆ ಅಳತೆ ಇಲ್ಲ. ಹಳೆಯದನ್ನೇ ಉಪ್ಪುಕಾಗದದಲ್ಲಿ ಉಜ್ಜಿ ಸಪಾಟು ಮಾಡಿ ಹಾಕಿದೆ. ತಾಮ್ರ ತಾಮ್ರವೇ.

ಪೈಪಿನೊಳಗಿನ ಗಾಳಿ ತೆಗೆಯಲು ಒಬ್ಬರು ಪೆಡಲ್ ತುಳಿಯಬೇಕು. ಅಕ್ಷತಾಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ನಾನು ಚಕ್ರದ ಹತ್ತಿರ ಮಲಗಿ "ಒತ್ತು" ಎಂದರೆ ಒತ್ತುವುದು, "ಬಿಡು" ಎಂದರೆ ಬಿಡುವುದು. ಹತ್ತಿಪ್ಪತ್ತು ಸಲ ಆದ ಮೇಲೆ ಅವಳು ಒಳಗಿನಿಂದಲೇ ಹೇಳಿದಳು:

"ರೀ, ಇದು ಮೊದಲಿನ ಥರ ಇಲ್ಲ. ಮೆತ್ತಗಿದೆ."

"ನಿನಗೆ ಕಾರು ಓಡಿಸೋಕೆ ಬರುತ್ತಾ?"

"ಓಡಿಸೋಕೆ ಬರಲ್ಲ. ಹೊಲಿಗೆ ಮಿಷನ್ ತುಳಿಯೋ ಕಾಲು ಇದು, ಗೊತ್ತಾಗುತ್ತೆ."

ನಗು ಬಂತು. ಎರಡು ದಿನ ಓಡಿದರೆ ಗಟ್ಟಿಯಾಗುತ್ತದೆ ಎಂದೆ. ಅವಳು ಇಳಿದು ಒಳಗೆ ಹೋದಳು. ಊಟಕ್ಕೆ ಅವರೆಕಾಳು ಸಾರು. ಕೈಗೆ ಹತ್ತಿದ ಬ್ರೇಕ್ ಆಯಿಲ್ ವಾಸನೆ ಸೋಪಿಗೂ ಹೋಗಲಿಲ್ಲ.

ಜನವರಿ 25, ಶನಿವಾರ

ರಜೆ ಹಾಕಿ ಅರಸೀಕೆರೆಗೆ ಹೋಗಿದ್ದೆ. ಕ್ಲಚ್ ಬದಲಾಯಿಸಬೇಕಿತ್ತು. ಅದಕ್ಕೆ ಗೇರ್ ಬಾಕ್ಸನ್ನೇ ಕೆಳಗಿಳಿಸಬೇಕು, ಹೊಂಗೆಮರದ ಕೆಳಗೆ ಆಗುವ ಕೆಲಸವಲ್ಲ. ಇಷ್ಟವಿಲ್ಲದಿದ್ದರೂ ಕಂಪನಿ ಸರ್ವೀಸಿಗೇ ಕೊಟ್ಟೆ.

ಗಿರಾಕಿಗಳನ್ನು ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ, ಗಾಡಿಯ ಹತ್ತಿರ ಬಿಡುವುದಿಲ್ಲ. ನಾನು ಗಾಜಿಗೆ ಮೂಗು ಒತ್ತಿಕೊಂಡು ನಿಂತೇ ಇದ್ದೆ. ಕೆಲಸ ಮಾಡಿದವನು ಚೇತನ್‌ಕುಮಾರ್, ಬಾಣಾವರದವನು, ಮೂವತ್ತೈದರ ಮೇಲಿರಬೇಕು. ಗಾಡಿ ತಂದುಕೊಡುವಾಗ, "ಯಾರ್ ಸಾರ್ ಇದನ್ನ ನೋಡ್ಕಳಾದು? ಇಷ್ಟ್ ಹಳೇ ಗಾಡಿ ಇಷ್ಟ್ ನೀಟಾಗೈತೆ" ಎಂದ.

"ನಾನೇ" ಎಂದೆ. ಸುಳ್ಳೇಕೆ, ಖುಷಿಯಾಯಿತು.

ಜೊತೆಗೆ ಒಂದು ಉದ್ದನೆಯ ಕಾರ್ಡು ಕೊಟ್ಟರು. ನಲವತ್ತೆರಡು ಬಾಬತ್ತು, ನಲವತ್ತೆರಡು ಟಿಕ್ಕು. ಅದರಲ್ಲಿ "ಬ್ರೇಕ್ ನೋಡಲಾಗಿದೆ, ಸರಿ ಇದೆ" ಎಂಬುದೂ ಒಂದು. ಚಕ್ರ ಬಿಚ್ಚಿದ್ದನ್ನು ನಾನು ನೋಡಲಿಲ್ಲ. ಎಲ್ಲ ಟಿಕ್ಕೂ ಒಂದೇ ಓರೆಯಲ್ಲಿ, ಒಂದೇ ಉಸಿರಿನಲ್ಲಿ ಹಾಕಿದಂತಿವೆ. ಸ್ಟೀರಿಂಗ್ ಕಿತ್ತು ಕೊಟ್ಟರೂ ಸರಿ ಇದೆ ಎಂದು ಬರೆಯುವ ಜನ. ಕಾರ್ಡನ್ನು ಕಾರಿನ ಕಾಗದಪತ್ರಗಳ ಜೊತೆ ಇಟ್ಟೆ.

ಕ್ಲಚ್ ಚೆನ್ನಾಗಿದೆ ಎನ್ನುವುದನ್ನು ಒಪ್ಪಬೇಕು.

ಫೆಬ್ರವರಿ 2, ಭಾನುವಾರ

ಬ್ರೇಕ್ ಆಯಿಲ್ ಗೆರೆಯಿಂದ ಒಂದು ಬೆರಳು ಇಳಿದಿತ್ತು. ಹೊಸ ಪೈಪು ಕೂತುಕೊಳ್ಳುವಾಗ ಹೀಗಾಗುತ್ತದೆ. ತುಂಬಿಸಿದೆ. ಪೆಡಲ್ ಎರಡನೇ ಸಲ ತುಳಿದರೆ ಗಟ್ಟಿಯಾಗುತ್ತದೆ. ಇನ್ನೊಮ್ಮೆ ಗಾಳಿ ತೆಗೆಯಬೇಕು, ಮುಂದಿನ ವಾರ. ಈ ವಾರ ಹತ್ತನೇ ಕ್ಲಾಸಿಗೆ ಬೆಳಿಗ್ಗೆ ಎಂಟಕ್ಕೇ ವಿಶೇಷ ತರಗತಿ.

ಫೆಬ್ರವರಿ 6, ಗುರುವಾರ

ಬೆಳಿಗ್ಗೆ ಏಳೂ ಮುಕ್ಕಾಲು. ಮಾದಿಹಳ್ಳಿ ಡೇರಿ ಹತ್ತಿರ. ರಾಮಣ್ಣ.

ಜೀವ ಇದೆ. ಹಾಸನಕ್ಕೆ ಒಯ್ದಿದ್ದಾರೆ.

ಫೆಬ್ರವರಿ 7, ಶುಕ್ರವಾರ

ಬರೆದರೆ ತಲೆ ತಿಳಿಯಾದೀತು.

ಊರು ಸಿಕ್ಕುವ ಮೊದಲು ಇಳಿಜಾರು. ಇಳಿಜಾರಿನ ಕೊನೆಗೆ ಹಾಲಿನ ಡೇರಿ, ರಸ್ತೆಯ ಎಡಕ್ಕೆ. ವೇಗ ಹೆಚ್ಚಿರಲಿಲ್ಲ. ಬ್ರೇಕ್ ತುಳಿದೆ, ಪೆಡಲ್ ನೆಲ ಮುಟ್ಟಿತು. ಮತ್ತೆ ತುಳಿದೆ, ಮತ್ತೆ ನೆಲ. ಹ್ಯಾಂಡ್‌ಬ್ರೇಕ್ ಎಳೆದಾಗ ಕಾರಿನ ಹಿಂಭಾಗ ಎಳೆದುಕೊಂಡು ಹೋಯಿತು. ರಾಮಣ್ಣ ಕ್ಯಾನು ಹಿಡಿದುಕೊಂಡು ರಸ್ತೆ ದಾಟುತ್ತಿದ್ದ. ಕಾರು ಅವನಿಗೆ ಬಡಿಯಿತು. ಆಮೇಲೆ ಡೇರಿಯ ಕಟ್ಟೆಗೆ ಬಡಿದು ನಿಂತಿತು.

ರಾಮಣ್ಣ ನನಗೆ ಗೊತ್ತಿಲ್ಲದವನಲ್ಲ. ಎರಡು ಎಮ್ಮೆ, ಒಂದು ಹಸು, ಹಿಡಿ ಗದ್ದೆ. ಅವನ ಮಗಳಿಗೆ ನಾನು ಲೆಕ್ಕ ಹೇಳಿದ್ದೆ, ಈಗ ಮದುವೆಯಾಗಿ ಬಿಕ್ಕೋಡಿನಲ್ಲಿದ್ದಾಳೆ. ಅವನು ಹಾಲಿನೊಳಗೇ ಬಿದ್ದಿದ್ದ. ಜನ ಓಡಿಬಂದರು. ಯಾರೂ ನನ್ನನ್ನು ಹೊಡೆಯಲಿಲ್ಲ. ಮೇಷ್ಟರು ಎಂದು ಇರಬೇಕು. "ನೀವು ಕೂತ್ಕಳಿ ಮೇಷ್ಟ್ರೇ" ಎಂದು ಯಾರೋ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟರು.

ಕಾರು ಸ್ಟೇಷನ್ ಅಂಗಳದಲ್ಲಿದೆ. ನನ್ನನ್ನು ಜಾಮೀನಿನ ಮೇಲೆ ಸಂಜೆಯೇ ಬಿಟ್ಟರು. ಬ್ರೇಕ್ ಹಿಡಿಯಲಿಲ್ಲ ಎಂದು ಹೇಳಿದ್ದೇನೆ. ಉಳಿದ ವಿವರ ಭಾನುವಾರ ಬಂದು ಬರೆಸಬೇಕಂತೆ.

ಬ್ರೇಕ್ ಹಿಡಿಯದಿದ್ದರೆ ಯಾರಿಂದ ಏನು ಮಾಡಲಾಗುತ್ತದೆ?

ಫೆಬ್ರವರಿ 9, ಭಾನುವಾರ

ಬೇಲೂರಿನಿಂದ ಶಶಿಕಿರಣ ಬಂದಿದ್ದ. ಅಕ್ಷತಾಳ ತಮ್ಮ, ವಕೀಲ. ಸ್ಟೇಷನ್ನಿಗೆ ಹೋಗುವ ಮೊದಲು ಕಾಗದಗಳನ್ನೆಲ್ಲ ಟೀಪಾಯಿಯ ಮೇಲೆ ಹರಡಿಕೊಂಡ. ಅರಸೀಕೆರೆಯ ಕಾರ್ಡು ಕೈಗೆ ಬಂದಾಗ ನಿಲ್ಲಿಸಿ ಎರಡು ಸಲ ಓದಿದ.

"ಭಾವ, ಬ್ರೇಕ್ ನೋಡಿದೀವಿ, ಸರಿ ಇದೆ ಅಂತ ಸಹಿ ಹಾಕಿ ಕೊಟ್ಟಿದಾರಲ್ಲ."

"ಕೊಟ್ಟಿದ್ದಾರೆ."

"ಹನ್ನೆರಡು ದಿನದಲ್ಲಿ ಬ್ರೇಕ್ ಹೋಗಿದೆ. ಇಷ್ಟು ಸಾಕು ಬಿಡಿ. ಬೇರೆ ಇನ್ಯಾರಾದ್ರೂ ಮುಟ್ಟಿದ್ರಾ?"

ಅಕ್ಷತಾ ಕಾಫಿ ತಂದಳು. ಲೋಟ ಇಡುವ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

"ಕೊನೆಗೆ ಹೋಗಿದ್ದು ಅಲ್ಲಿಗೇ" ಎಂದೆ.

ಸ್ಟೇಷನ್ನಿನಲ್ಲೂ ಹಾಗೇ ಬರೆಸಿದೆ. ಜನವರಿ ಇಪ್ಪತ್ತೈದರಂದು ಕಂಪನಿ ಸರ್ವೀಸಿನಲ್ಲಿ ಬ್ರೇಕ್ ಪರೀಕ್ಷಿಸಿ ಸರಿ ಇದೆಯೆಂದು ಬರೆದುಕೊಟ್ಟಿರುತ್ತಾರೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಒಂದು ಪ್ರಮೇಯದಲ್ಲಿ ಕೊಟ್ಟ ದತ್ತಾಂಶವನ್ನಷ್ಟೇ ಬರೆಯುತ್ತೇವೆ, ಕೇಳದಿದ್ದನ್ನು ಬರೆಯುವುದಿಲ್ಲ.

ರಾಮಣ್ಣನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರಂತೆ. ಶಶಿಕಿರಣ ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ.

ಫೆಬ್ರವರಿ 14, ಶುಕ್ರವಾರ

ಮೋಟಾರು ವಾಹನ ಇನ್ಸ್‌ಪೆಕ್ಟರು ಬಂದು ಕಾರು ನೋಡಿದರು. ಎಡ ಮುಂದಿನ ಚಕ್ರ ಬಿಚ್ಚಿಸಿದರು. ಪೈಪು ಸೇರುವ ಜಾಗದಲ್ಲೆಲ್ಲ ಆಯಿಲ್ ಒದ್ದೆ, ಮೇಲೆ ಧೂಳು ಮೆತ್ತಿಕೊಂಡು ಕಪ್ಪಗಾಗಿತ್ತು. ಬ್ರೇಕ್ ಆಯಿಲ್ ತುಂಬುವ ಬಾಟಲಿ ಖಾಲಿ.

"ಪೈಪು ಹೊಸದು. ಯಾರು ಹಾಕಿದ್ದು?" ಎಂದರು.

ಶಶಿಕಿರಣ ನನಗಿಂತ ಮೊದಲೇ, "ಕಂಪನೀಲಿ ಸರ್ವೀಸ್ ಆಗಿದೆಯಲ್ಲ ಸಾರ್, ಕಾರ್ಡಿದೆ" ಎಂದ. ಅವರು ಬರೆದುಕೊಂಡರು. ನಾನು ಏನೂ ಹೇಳಲಿಲ್ಲ. ಹೇಳುವ ಪ್ರಸಂಗವೂ ಬರಲಿಲ್ಲ.

ಸಂಜೆ ಅಕ್ಷತಾ ಮನೆಯಲ್ಲಿರಲಿಲ್ಲ. ಆರೂವರೆ ಬಸ್ಸಿಗೆ ಬಂದಳು. ಹಾಸನಕ್ಕೆ ಹೋಗಿದ್ದೆ, ಲೈನಿಂಗ್ ಬಟ್ಟೆಗೆ ಎಂದಳು. ಕೈಯಲ್ಲಿ ಬಟ್ಟೆಯ ಚೀಲ ಕಾಣಲಿಲ್ಲ. ಅನ್ನ ಬೆಳಗಿನದೇ ಇತ್ತು, ಮೊಸರು ಹಾಕಿಕೊಂಡು ಉಂಡೆವು.

ಫೆಬ್ರವರಿ 18, ಮಂಗಳವಾರ

ಚೇತನ್‌ಕುಮಾರ್ ಬಂದಿದ್ದ. ಬಾಣಾವರದಿಂದ ಬೈಕಿನಲ್ಲಿ. ಗೇಟಿನ ಹೊರಗೇ ನಿಂತಿದ್ದ, ಒಳಗೆ ಬಾ ಎಂದರೂ ಬರಲಿಲ್ಲ. ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ಅವತ್ತು ನೀಲಿ ಸಮವಸ್ತ್ರದಲ್ಲಿದ್ದ, ಇವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಕೆಲಸದಿಂದ ತೆಗುದ್ರು ಸಾರ್."

ನಾನು ಗೇಟಿನ ಚಿಲಕವನ್ನು ಮತ್ತೆ ಹಾಕಿದೆ.

"ಟಿಕ್ ಹಾಕಿದ್ದು ನಾನೇ ಸಾರ್. ಇಲ್ಲ ಅನ್ನಲ್ಲ. ಕ್ಲಚ್ ಗಾಡಿ ಅಂದ್ರೆ ಕ್ಲಚ್ ಒಂದೇ ನೋಡಾದು, ಸಂಜೆ ಕಾರ್ಡಿಗೆ ಎಲ್ಲಾ ಒಟ್ಟಿಗೇ ಟಿಕ್ ಎಳೀತೀವಿ. ದಿನಕ್ಕೆ ಒಂಬತ್ತು ಗಾಡಿ. ಅದು ನನ್ ತಪ್ಪೇ. ಆದ್ರೆ ಆ ಪೈಪು ನಾನ್ ಹಾಕಿದ್ದಲ್ಲ ಸಾರ್. ನಮ್ಮಲ್ಲಿ ಯಾರೂ ಹಾಕಿಲ್ಲ, ಸ್ಟೋರಲ್ಲಿ ಕೇಳ್ದೆ. ನೀವೇ ಹೇಳಿದ್ರಲ್ಲ, ಗಾಡಿ ನಾನೇ ನೋಡ್ಕಳಾದು ಅಂತ."

"ಆಯಿಲ್, ಫಿಲ್ಟರ್ ಅಂದೆ. ಬ್ರೇಕ್ ಅಂದೆನಾ?"

ಅವನು ನನ್ನ ಮುಖವನ್ನೇ ನೋಡಿದ. ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗರು, ಉತ್ತರ ತಪ್ಪೆಂದು ಗೊತ್ತಿದ್ದೂ ಮೇಷ್ಟರೇ ಬೋರ್ಡಿನ ಮೇಲೆ ಬರೆದಾಗ ನೋಡುತ್ತಾರಲ್ಲ, ಹಾಗೆ.

"ಇಲ್ಲ ಸಾರ್, ಬ್ರೇಕ್ ಅನ್ನಲಿಲ್ಲ" ಎಂದು ಹೇಳಿ ಬೈಕಿನ ಕಿಕ್ ಹೊಡೆದ. ಮೂರು ಸಲ ಹೊಡೆದ ಮೇಲೆ ಹತ್ತಿಕೊಂಡಿತು.

ಒಳಗೆ ಬಂದರೆ ಅಕ್ಷತಾ ಮಿಷನ್ ನಿಲ್ಲಿಸಿ ಕೂತಿದ್ದಳು. ಕಾಲು ಪೆಡಲಿನ ಮೇಲೇ ಇತ್ತು. ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲು ಉತ್ತರ ಸಿದ್ಧ ಮಾಡಿಕೊಂಡಿದ್ದೆ.

ಫೆಬ್ರವರಿ 19, ಬುಧವಾರ

ಅವನ ವಿಷಯದಲ್ಲಿ ಒಂದು ಮಾತು. ನೋಡದೆ ಟಿಕ್ ಹಾಕುವವನು ಕೆಲಸದಲ್ಲಿರಬಾರದು. ಇದು ನ್ಯಾಯವೇ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಅಕ್ಷತಾ ಉಪವಾಸ. ನಾನೂ ಇದ್ದೆ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕೂತಿದ್ದಾಗ ಅವಳಾಗಿಯೇ ಬಾಯಿಬಿಟ್ಟಳು.

"ನಾನು ಲೈನಿಂಗ್ ಬಟ್ಟೆಗೆ ಹೋಗ್ತಿರಲಿಲ್ಲ. ಆಸ್ಪತ್ರೆಗೆ ಹೋಗ್ತಿದ್ದೆ. ಆರು ಸಲ ಹೋಗಿದೀನಿ."

ಗೊತ್ತಿತ್ತು ಎಂದು ಹೇಳಬೇಕೆನಿಸಿತು. ಗೊತ್ತಿತ್ತೇ? ಬಸ್ಸಿನ ಹೊತ್ತು ಗೊತ್ತಿತ್ತು. ಅದರ ಮುಂದಕ್ಕೆ ನಾನು ಯೋಚಿಸಿರಲಿಲ್ಲ.

"ರಾಮಣ್ಣನ ಹೆಂಡತಿ ಹುಚ್ಚಮ್ಮನ ಹತ್ರ ಕೂತಿರ್ತೀನಿ. ಆಕೆ ಊಟಕ್ಕೆ ಹೋಗಿ ಬರೋವರೆಗೆ ನಾನು ರಾಮಣ್ಣನ ಪಕ್ಕ ಇರ್ತೀನಿ. ಗಾಯ ಕೀವಾಗಿದೆ. ಜ್ವರ ಬಿಡ್ತಿಲ್ಲ. ಜ್ವರದಲ್ಲಿ ಎಮ್ಮೆ ಕರೀತಾನೆ. ಇಲ್ಲದ ಕಾಲಿನ ಪಾದ ಕೆರೀತಿದೆ, ಕೆರ್ದುಬಿಡವ್ವಾ ಅಂತ ನನ್ನ ಕೇಳ್ದ."

"ನೀನು ಯಾರು ಅಂತ ಅವರಿಗೆ ಗೊತ್ತಾ?"

"ಗೊತ್ತು. ಮೊದಲ ದಿನವೇ ಹೇಳಿದೆ. ಹುಚ್ಚಮ್ಮ ರಾಮಣ್ಣನ ಹೊದಿಕೆ ಸರಿಮಾಡಿದ್ಲು. ಆಮೇಲೆ, ಫ್ಲಾಸ್ಕ್ ತುಂಬಿಸ್ಕೊಂಡ್ ಬತ್ತೀಯಾ ತಾಯಿ, ಅಂದ್ಲು."

ಹೊರಗೆ ಯಾರೋ ಬಿಲ್ವಪತ್ರೆ ಕೇಳಿಕೊಂಡು ಬಂದರು. ಕೊಟ್ಟು ಬಂದು ಮತ್ತೆ ಅದೇ ಜಾಗದಲ್ಲಿ ಕೂತಳು.

"ವಾಷರ್ ವಿಷಯ ನಾನು ಶಶಿಗೂ ಹೇಳಿಲ್ಲ, ಆಸ್ಪತ್ರೇಲೂ ಹೇಳಿಲ್ಲ. ಆದ್ರೆ ಯಾರಾದ್ರೂ ಕೇಳಿದ್ರೆ ಹೇಳಿಬಿಡ್ತೀನಿ. ಸುಳ್ಳು ಹೇಳೋಕೆ ನನಗೆ ಆಗಲ್ಲ. ಅವತ್ತು ಪೆಡಲ್ ತುಳಿದಿದ್ದು ನಾನು. ಮೆತ್ತಗಿದೆ ಅಂತ ಕಾಲಿಗೆ ಗೊತ್ತಾಯ್ತು. ನೀವು ನಕ್ಕಿರಿ ಅಂತ ಸುಮ್ಮನಾಗಿಬಿಟ್ಟೆ. ಸುಮ್ಮನಾಗಬಾರದಿತ್ತು."

ಅವಳು ಅಳಲಿಲ್ಲ. ನನ್ನ ಮೇಲೆ ರೇಗಲೂ ಇಲ್ಲ. ನಾಳೆ ನಾನೂ ಬರಲೇ ಎಂದು ಕೇಳಿದೆ.

"ಬೇಡ. ನಿಮ್ಮನ್ನ ನೋಡಿದ್ರೆ ಎದ್ದು ಕೂರೋಕೆ ಹೋಗ್ತಾನೆ. ಮೇಷ್ಟ್ರು ಅಂತ."

ಮಾರ್ಚ್ 3, ಸೋಮವಾರ

ರಾಮಣ್ಣ ಬೆಳಿಗ್ಗೆ ತೀರಿಕೊಂಡರು. ನಂಜು ರಕ್ತಕ್ಕೆ ಸೇರಿತ್ತಂತೆ. ಅಕ್ಷತಾ ಹತ್ತಿರವೇ ಇದ್ದಳು.

ಮಾರ್ಚ್ 4, ಮಂಗಳವಾರ

ಮಣ್ಣಿಗೆ ಹೋಗಲಿಲ್ಲ. ಅರ್ಧ ದಾರಿಯವರೆಗೆ ನಡೆದು ಹೋಗಿ ತಿರುಗಿ ಬಂದೆ. ತಮಟೆ ಕೇಳುತ್ತಿತ್ತು.

ಮಾರ್ಚ್ 6, ಗುರುವಾರ

ಈ ಡೈರಿಯ ಹಿಂದಿನ ಪುಟಗಳನ್ನು ಓದಿದೆ. ಜನವರಿ ಹನ್ನೆರಡು. ಫೆಬ್ರವರಿ ಎರಡು. ನನ್ನದೇ ಅಕ್ಷರ, ದುಂಡಗೆ, ಬೋರ್ಡಿನ ಮೇಲೆ ಬರೆದಂತೆ. "ತಾಮ್ರ ತಾಮ್ರವೇ" ಎಂದು ಬರೆದಿದ್ದೇನೆ. ಆಯಿಲ್ ಇಳಿದದ್ದನ್ನು ಕಣ್ಣಾರೆ ಕಂಡು, ತುಂಬಿಸಿ, ಮುಂದಿನ ವಾರ ಎಂದು ಬರೆದಿದ್ದೇನೆ. ಅದಾಗಿ ನಾಲ್ಕೇ ದಿನ.

ಎರಡು ಹಾಳೆ ಹರಿದರೆ ಮುಗಿಯಿತು. ಬೆರಳಲ್ಲಿ ಹಿಡಿದೂ ಹಿಡಿದೆ. ಪಕ್ಕದ ಕೋಣೆಯಲ್ಲಿ ಮಿಷನ್ ನಿಂತಿತ್ತು. ಹರಿಯುವ ಸದ್ದು ಅವಳಿಗೆ ಕೇಳುತ್ತದೆ ಎನಿಸಿತು. ಅದಕ್ಕೇ ಬಿಟ್ಟೆ. ದೊಡ್ಡ ಕಾರಣವೇನೂ ಇಲ್ಲ.

ಇನ್ನೂ ಒಂದು ವಿಚಾರ ಬಂತು. ಆ ಕೆಂಪು ಬೊಟ್ಟಿನ ಫಿಲ್ಟರ್ ನಿಜ. ಅವರು ಮೋಸ ಮಾಡಿದ್ದು ನಿಜ. ಚೇತನ್‌ಕುಮಾರ್ ನೋಡದೆ ಟಿಕ್ ಹಾಕಿದ್ದೂ ನಿಜ. ಇಷ್ಟೆಲ್ಲ ನಿಜಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಹಿಂದೆ ನಾನು ಕೂತಿದ್ದೆ.

ಸಂಜೆ ಶಶಿಕಿರಣನಿಗೆ ಫೋನ್ ಮಾಡಿದೆ.

"ಭಾವ, ನಿಮಗೆ ತಲೆ ಕೆಟ್ಟಿದೆಯಾ? ಈಗ ಅದು ಸಾವಿನ ಕೇಸು. ಮನೇಲಿ ಕೂತು ಹಳೇ ವಾಷರ್ ಹಾಕಿದೆ ಅಂತ ನೀವಾಗೇ ಹೋಗಿ ಹೇಳಿದ್ರೆ ಯಾವ ವಕೀಲನೂ ಏನೂ ಮಾಡೋಕಾಗಲ್ಲ. ಕೆಲಸವೂ ಹೋಗಬಹುದು. ಅಕ್ಕನಿಗೆ ಕೊಡಿ ಫೋನು."

ಕೊಟ್ಟೆ. ಅವಳು ಕೇಳಿಸಿಕೊಂಡಳು. "ಹೂಂ ಕಣೋ. ಗೊತ್ತು ಕಣೋ" ಎಂದಳು. ಕೊನೆಗೆ, "ಅವರು ಹೋಗ್ತಾರೆ. ಜೊತೆಗೆ ನಾನೂ ಹೋಗ್ತೀನಿ" ಎಂದು ಇಟ್ಟುಬಿಟ್ಟಳು.

ಮಾರ್ಚ್ 7, ಶುಕ್ರವಾರ

ಹೇಳಿಕೆ ಬರೆಸಿದೆ. ಪೈಪು ತರಿಸಿದ್ದು, ಹಳೆಯ ವಾಷರ್ ಉಜ್ಜಿ ಹಾಕಿದ್ದು, ಆಯಿಲ್ ಇಳಿದಾಗ ಕಾರಣ ಹುಡುಕದೆ ತುಂಬಿಸಿದ್ದು. ಸಬ್ ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು. ಬರೆದುಕೊಳ್ಳುತ್ತಾ ಒಮ್ಮೆ ತಲೆಯೆತ್ತಿ, "ಯಾರಾದ್ರೂ ಒತ್ತಾಯ ಮಾಡಿದಾರಾ ಸಾರ್?" ಎಂದು ಕೇಳಿದರು. ಇಲ್ಲ ಎಂದೆ. ಓದಿ ಹೇಳಿದರು. ಕಾರು ರಾಮಣ್ಣನವರಿಗೆ ಬಡಿಯಿತು ಎಂದು ಇತ್ತು. ನಾನು ಹೊಡೆದೆ ಎಂದು ಬರೆಯಿರಿ ಎಂದೆ.

ಅಕ್ಷತಾ ಹೊರಗಿನ ಬೆಂಚಿನಲ್ಲಿದ್ದವಳು ಎದ್ದು ಬಂದು, "ನನ್ನದೂ ಬರ್ಕೊಳ್ಳಿ" ಎಂದಳು. ಪೆಡಲಿನ ಮಾತು ಹೇಳಿದಳು. ಅವರು ಅದನ್ನೂ ಬರೆದುಕೊಂಡರು.

ಅಂಗಳದಲ್ಲಿ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಎಲೆ ಉದುರಿದ್ದವು. ಇಬ್ಬರೂ ನಿಲ್ಲದೆ ಮುಂದೆ ಬಂದೆವು. ಬಸ್ ಸ್ಟ್ಯಾಂಡಿನಲ್ಲಿ ಅವಳಿಗೆ ಎಳನೀರು ಕೊಡಿಸಿದೆ. ಅವಳು ತುಂಬಾ ಇಳಿದುಹೋಗಿದ್ದಾಳೆ. ಕೊರಳೆಲುಬು ಕಾಣುತ್ತಿದೆ.

ಮಾರ್ಚ್ 11, ಮಂಗಳವಾರ

ಬಸ್ಸು ಹಿಡಿದು ಬಾಣಾವರಕ್ಕೆ ಹೋಗಿದ್ದೆ. ಚೇತನ್‌ಕುಮಾರ್ ಈಗ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದ್ದಾನೆ. ಇಂಜಿನ್ನಿನೊಳಗೆ ಕೈಯಿಟ್ಟುಕೊಂಡೇ ನನ್ನ ಮಾತು ಕೇಳಿದ. ಸ್ಟೇಷನ್ನಿನಲ್ಲಿ ಹೇಳಿದ್ದನ್ನೆಲ್ಲ ಹೇಳಿದೆ. ಕಂಪನಿಯ ಮ್ಯಾನೇಜರಿಗೂ ಬರೆದುಕೊಡುತ್ತೇನೆ, ನಿನ್ನನ್ನು ವಾಪಸು ತೆಗೆದುಕೊಳ್ಳಲಿ ಎಂದೆ.

"ಬರ್ಕೊಡಿ ಸಾರ್. ನಾನ್ ಹೋಗಲ್ಲ."

"ಯಾಕೆ?"

ಅವನು ಕೈ ಹೊರಗೆ ತೆಗೆದು ಬನಿಯನ್ ಚಿಂದಿಯಲ್ಲಿ ಒರೆಸಿಕೊಂಡ.

"ಆ ಚಕ್ರ ಒಂದ್ ಬಿಚ್ಚಿದ್ರೆ ನಂಗ್ ಕಾಣ್ತಿತ್ತು ಸಾರ್. ಐದ್ ನಿಮಿಷದ ಕೆಲಸ. ನೀವ್ ಏನ್ ಹೇಳಿಕೆ ಕೊಟ್ರೂ ಆ ಐದ್ ನಿಮಿಷ ನಂದೇ. ಮಲೀಕಂಡ್ರೆ ಅದೇ ಬತ್ತದೆ."

ಟೀ ತರಿಸಿದ. ಇಬ್ಬರೂ ನಿಂತೇ ಕುಡಿದೆವು. ಅವನು ನನ್ನನ್ನು ಕ್ಷಮಿಸಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ಮಾರ್ಚ್ 16, ಭಾನುವಾರ

ರಾಮಣ್ಣನವರ ತಿಥಿ ಮುಗಿದು ಎರಡು ದಿನವಾಯಿತು. ಇವತ್ತು ಮಾದಿಹಳ್ಳಿಗೆ ನಡೆದುಕೊಂಡೇ ಹೋದೆ. ಅಕ್ಷತಾ ಬರುತ್ತೇನೆಂದಳು, ನಾನೇ ಬೇಡವೆಂದೆ.

ಹುಚ್ಚಮ್ಮ ಕೊಟ್ಟಿಗೆಯಲ್ಲಿದ್ದರು. ಎಮ್ಮೆಗೆ ಬೂಸಾ ಕಲಸುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, "ಬನ್ನಿ ಮೇಷ್ಟ್ರೇ" ಎಂದು ರಾಗಿ ತುಂಬಿದ ಮೊರ ಸರಿಸಿ ಜಗಲಿಯಲ್ಲಿ ಜಾಗ ಮಾಡಿಕೊಟ್ಟರು. ನಾನು ಕೂರಲಿಲ್ಲ.

ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದೆ. ಪೈಪು, ವಾಷರ್, ಸೋರಿಕೆ, ಕಂಪನಿಯ ಕಾರ್ಡು, ಮೊದಲು ಮುಚ್ಚಿಟ್ಟದ್ದು, ಆಮೇಲೆ ಹೇಳಿದ್ದು. ಕಂಪನಿಯವರದು ಎಷ್ಟು ತಪ್ಪು, ನನ್ನದು ಎಷ್ಟು ಎಂದು ಬಿಡಿಸಿ ಹೇಳಿದೆ. ನನ್ನದೇ ಹೆಚ್ಚು ಎಂದೆ. ಅವರು ಬೂಸಾ ಕಲಸುತ್ತಲೇ ಕೇಳಿದರು. ನಡುವೆ ಎಮ್ಮೆ ತಲೆ ಹಾಕಿದಾಗ "ತಡಿಯೇ" ಎಂದು ಅದರ ಮೂತಿಯನ್ನು ಪಕ್ಕಕ್ಕೆ ತಳ್ಳಿದರು.

ನಾನು ಮುಗಿಸಿದ ಮೇಲೆ ಕೈ ತೊಳೆದುಕೊಂಡರು.

"ನಂಗೆ ಅದೆಲ್ಲಾ ತಿಳಿಯಾಕಿಲ್ಲ ಮೇಷ್ಟ್ರೇ. ಕಂಪ್ನಿಯವ್ರ್ ಮಾಡಿದ್ರೇನು, ನೀವ್ ಮಾಡಿದ್ರೇನು. ಒಂದ್ ಮಾತ್ ಕೇಳ್ಬೇಕು ಅಂತಿದ್ದೆ. ನಿಮ್ ಹೆಂಡ್ರುನ ಕೇಳಾಕೆ ಮನಸ್ಸ್ ಬರ್ಲಿಲ್ಲ."

"ಕೇಳಮ್ಮ."

"ಬ್ರೇಕ್ ಹಿಡೀಲಿಲ್ಲ, ಸರಿ. ಹಾರನ್ ಯಾಕ್ ಹೊಡೀಲಿಲ್ಲ?"

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ನಮ್ಮೋರಿಗೆ ಕಿವಿ ಚೆಂದಾಗಿತ್ತು. ಗುಡ್ಡದಾಚೆ ಬಸ್ಸು ಬಂದ್ರೂ ಹೇಳೋರು. ಹಾರನ್ ಕೇಳಿದ್ರೆ ಕ್ಯಾನ್ ಬಿಸಾಕಿ ಹಾರ್‍ಕತಿದ್ರು. ಡೇರಿ ತಾವ ಇದ್ದೋರ್‍ನೆಲ್ಲಾ ಕೇಳ್ದೆ. ಯಾರೂ ಹಾರನ್ ಕೇಳಿಲ್ಲ ಅಂದ್ರು."

ಹೊಡೆದಿರಲಿಲ್ಲ. ನಲವತ್ತು ದಿನ ಇದನ್ನೇ ಬರೆದಿದ್ದೇನೆ, ಇದನ್ನೇ ಹೇಳಿಕೆ ಕೊಟ್ಟಿದ್ದೇನೆ, ಒಮ್ಮೆಯೂ ಅದು ತಲೆಗೆ ಬಂದಿರಲಿಲ್ಲ. ಇಳಿಜಾರಿನ ಮೇಲಿನಿಂದಲೇ ರಾಮಣ್ಣನವರು ಕಂಡಿದ್ದರು. ಬೇಕಾದಷ್ಟು ಹೊತ್ತಿತ್ತು. ಹಾರ್ನ್ ಕೈಯ ಕೆಳಗೇ ಇತ್ತು. ಅಷ್ಟು ಹೊತ್ತೂ ನಾನು ತಲೆ ಬಗ್ಗಿಸಿ ಪೆಡಲನ್ನು ನೋಡುತ್ತಿದ್ದೆ. ನಾನು ರಿಪೇರಿ ಮಾಡಿದ್ದು ಹೇಗೆ ಕೈಕೊಟ್ಟಿತು ಎಂದು ನೋಡುತ್ತಿದ್ದೆ.

"ಹೊಡೀಬೇಕು ಅಂತ ಹೊಳೀಲಿಲ್ಲಮ್ಮ" ಎಂದೆ.

ಹುಚ್ಚಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಸಿಟ್ಟಿನಿಂದ ಎಂದು ಹೇಳಲಾರೆ. ಕೇಳಬೇಕಾದದ್ದನ್ನು ಕೇಳಿ ಆಯಿತು, ಉತ್ತರವೂ ಬಂತು, ಇನ್ನು ಅದರಿಂದ ಏನೂ ಆಗುವುದಿಲ್ಲ ಎನ್ನುವ ಹಾಗೆ. ಆಮೇಲೆ ಚೆಂಬು ತೆಗೆದುಕೊಂಡು ಎಮ್ಮೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.

"ಹೊಂಡಿ ಮೇಷ್ಟ್ರೇ. ಹೊಸಬ್ರು ನಿಂತಿದ್ರೆ ಇದು ಸೊರ ಬಿಟ್ಟು ಹಾಲ್ ಕೊಡಾಕಿಲ್ಲ."

ಬಂದುಬಿಟ್ಟೆ. ಅಕ್ಷತಾ ಬಾಗಿಲಲ್ಲೇ ಕಾಯುತ್ತಿದ್ದಳು, ಏನಂದ್ರು ಎಂದು ಕೇಳಿದಳು. ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಕಣ್ಣು ಮುಚ್ಚಿದಳು. ನಾಳೆ ಸ್ಟೇಷನ್ನಿಗೆ ಹೋಗಿ ಇದನ್ನೂ ಬರೆಸಬೇಕು ಎಂದೆ. ಕೇಸಿಗೆ ಇದು ಬೇಕಾಗುತ್ತದೋ ಇಲ್ಲವೋ ಗೊತ್ತಿಲ್ಲ.